ಎಡಕ್ಕೆ ತಿರುಗಿದ ಕುರ್ಚಿ

ದೆವ್ವ, ಪಿಶಾಚಿ ಅಂತ ಯಾರಾದರೂ ಬಾಯಿ ತೆಗೆದರೆ ನಾನು ನಕ್ಕು ಎದ್ದು ಹೋಗುತ್ತಿದ್ದವನು. ಎಲೆಕ್ಟ್ರಾನಿಕ್ಸ್ ಕಲಿಸುವವನಲ್ಲವೇ, ಎಲ್ಲದರ ಹಿಂದೆಯೂ ಒಂದು ವೈರು ಇದ್ದೇ ಇರಬೇಕು ಅನ್ನುವ ಸೊಕ್ಕು. ಈಗಲೂ ಅವನ್ನೆಲ್ಲ ನಂಬುತ್ತೇನೆ ಅಂತ ಹೇಳಲಾರೆ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ. ಯಾಕೆ ಅಂತ ಹೇಳುತ್ತೇನೆ, ನೀವೇ ತೀರ್ಮಾನ ಮಾಡಿ.

ತೊಂಬತ್ತರ ದಶಕದ ಕೊನೆ. ನಾಗಮಂಗಲ ತಾಲ್ಲೂಕಿನ ಕಾಲೇಜೊಂದರ ಲ್ಯಾಬಿನಲ್ಲಿ ನಾನು ಮೇಷ್ಟ್ರು. ಹೊಣಕೆರೆ ಕಡೆಯ ಚಿಕ್ಕೇಗೌಡರು ಹುಣಸೆಮರದಿಂದ ಬಿದ್ದು ಕತ್ತಿನಿಂದ ಕೆಳಕ್ಕೆ ಸ್ವಾಧೀನ ಕಳೆದುಕೊಂಡಿದ್ದರು. ಅವರ ಭಾಮೈದ ಬ್ಯಾಟರಿಯಲ್ಲಿ ಓಡುವ ಹಳೇ ಗಾಲಿಕುರ್ಚಿಯೊಂದನ್ನು ಮುಂಬೈಯಿಂದ ತಂದುಕೊಟ್ಟಿದ್ದ. ಅದನ್ನು ಓಡಿಸಬೇಕಾದ್ದು ತೋಳಿಡುವ ಜಾಗದಲ್ಲಿದ್ದ ಜಾಯ್‌ಸ್ಟಿಕ್ಕಿನಿಂದ. ಕೈಯೇ ಆಡದವರಿಗೆ ಅದು ಇದ್ದೇನು ಬಂತು?

ನಾನು ಅದನ್ನು ಕಿತ್ತು, ಆ ಜಾಗದಲ್ಲಿ ಮೈಕ್ರೋಕಂಟ್ರೋಲರ್ ಚಿಪ್ಪು ಕೂರಿಸಿ, ತಲೆಯ ಹಿಂದೆ ಮತ್ತು ಅಕ್ಕಪಕ್ಕ ಸ್ವಿಚ್ಚು ಇಟ್ಟೆ. ತಲೆಯಿಂದ ಒತ್ತಿದ ಕಡೆಗೆ ಕುರ್ಚಿ ತಿರುಗಬೇಕು. ಗೌಡರಿಗೆ ದೊಡ್ಡ ಆಸೆಯೇನೂ ಇರಲಿಲ್ಲ. ನಡುಮನೆಯ ಎಡಗಡೆಗೇ ಕೊಟ್ಟಿಗೆ. ಅದರ ಬಾಗಿಲ ಹತ್ತಿರ, ಅವರೇ ಕರುವಿನಿಂದ ಸಾಕಿದ ಹಸುವನ್ನು ಕಟ್ಟುತ್ತಿದ್ದರು.

"ಯಾರ್ನೂ ಕರೀದಂಗೆ, ಒಂದ್ಸಲ ನಾನೇ ಓಗಿ ಅದ್ರ ಮುಂದೆ ನಿಂತ್ಕಬೇಕು ಕಣ್ ಮೇಷ್ಟ್ರೇ" ಅಂದಿದ್ದರು. ನಿಲ್ಲಲಾರದ ಮನುಷ್ಯ, 'ನಿಂತ್ಕಬೇಕು' ಅಂತಲೇ ಅಂದರು.

ಮೊದಲ ದಿನವೇ ಎಡವಟ್ಟಾಯಿತು. ಗೌಡರು ಎಡಕ್ಕೆ ಒತ್ತಿದರೆ ಕುರ್ಚಿ ಬಲಕ್ಕೆ ತಿರುಗಿ ಗೋಡೆಗೆ ಗುದ್ದಿತು. ಅವರ ಎದುರಿಗೆ ಕೂತು ಕೆಲಸ ಮಾಡಿದವನು ನಾನು, ನನ್ನ ಎಡ ಅವರ ಬಲ ಅನ್ನೋದನ್ನೇ ಮರೆತಿದ್ದೆ. ಎರಡು ವೈರು ಅದಲುಬದಲು ಮಾಡಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಹಾಳು ಜಂಬ ನನ್ನದು. ಪ್ರೋಗ್ರಾಮಿನ ತಪ್ಪನ್ನು ಪ್ರೋಗ್ರಾಮಿನಲ್ಲೇ ತಿದ್ದಬೇಕು ಅಂತ ಚಿಪ್ಪನ್ನು ಕಿತ್ತು ಜೇಬಿಗೆ ಹಾಕಿಕೊಂಡು, ಮುಂದಿನ ವಾರ ಬರ್ತೀನಿ ಅಂದು ಹೊರಟೆ. ಪರೀಕ್ಷೆ, ಪೇಪರ್ ತಿದ್ದೋದು ಅಂತ ಎರಡು ತಿಂಗಳು ಆ ಕಡೆ ತಲೆ ಹಾಕಲಿಲ್ಲ, ಚಿಪ್ಪನ್ನೂ ಮುಟ್ಟಲಿಲ್ಲ. ಅಷ್ಟರಲ್ಲಿ ಗೌಡರು ಜ್ವರ ಬಂದು ತೀರಿಕೊಂಡರು.

ಮುಖ ತೋರಿಸಲು ನಾಚಿಕೆಯಾಗುತ್ತಿತ್ತು, ಆದರೂ ತಿಥಿಯ ಹಿಂದಿನ ಸಂಜೆ ಹೋದೆ. ಚಿಪ್ಪನ್ನು ಯಾಕೆ ತೆಗೆದುಕೊಂಡು ಹೋದೆನೋ ಗೊತ್ತಿಲ್ಲ, ಜೇಬಿನಲ್ಲೇ ಇತ್ತು. ದೀಪ ಹಚ್ಚುವ ಹೊತ್ತು. ಆ ಮನೆಯವರಲ್ಲಿ ಒಂದು ಪದ್ಧತಿ: ಸತ್ತವರಿಗೆ ನಡುಮನೆಯಲ್ಲಿ ಎಡೆಯಿಟ್ಟು, ನೆಲದ ಮೇಲೆ ಜರಡಿ ಹಿಡಿದ ಬೂದಿ ಹರಡಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರುತ್ತಾರೆ. ಆಮೇಲೆ ಒಳಗೆ ಹೋಗಿ ಹೆಜ್ಜೆ ಮೂಡಿದೆಯೇ ಅಂತ ನೋಡುತ್ತಾರೆ. ಕುರ್ಚಿ ನಡುಮನೆಯ ಮೂಲೆಯಲ್ಲಿತ್ತು. ಬ್ಯಾಟರಿ ಬಿಚ್ಚಿ ಜಗಲಿಯ ಮೇಲಿಟ್ಟಿದ್ದರು, ನಾನು ಅದರ ಪಕ್ಕದಲ್ಲೇ ಕೂತಿದ್ದೆ. ಮೋಟಾರಿನ ಹಿಡಿತ ಬಿಡಿಸದ ಹೊರತು ಆ ಕುರ್ಚಿಯ ಚಕ್ರ ತಳ್ಳಿದರೂ ಉರುಳುತ್ತಿರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತೆಗೆದರು. ಬೂದಿಯಲ್ಲಿ ಒಂದು ಹೆಜ್ಜೆಯೂ ಇರಲಿಲ್ಲ. ಮೂಲೆಯಿಂದ ಎರಡು ಚಕ್ರದ ಗುರುತು ನೆಟ್ಟಗೆ ಬಂದು, ಎಡೆಯನ್ನು ದಾಟಿ, ನಡುವಿನಲ್ಲಿ ಎಡಕ್ಕೆ ತಿರುಗಿದ್ದವು. ಕುರ್ಚಿ ಕೊಟ್ಟಿಗೆಯ ಕದವಿಲ್ಲದ ಬಾಗಿಲಿಗೆ ಮುಖಮಾಡಿ ನಿಂತಿತ್ತು. ಆಚೆಗೆ ಹಸು ಕತ್ತು ಚಾಚಿ, ಖಾಲಿ ಕುರ್ಚಿಯ ತೋಳನ್ನು ನೆಕ್ಕುತ್ತಿತ್ತು.

ಕೊಟ್ಟಿಗೆಯ ಕಡೆಯಿಂದ ಯಾರೋ ಬಂದಿರಬೇಕು ಅಂತ ನೋಡಿದೆ. ಕೊಟ್ಟಿಗೆಯಿಂದ ಹಿತ್ತಿಲಿಗೆ ಹೋಗುವ ಬಾಗಿಲಿಗೆ ಒಳಗಿನಿಂದಲೇ ಅಗುಳಿ ಹಾಕಿತ್ತು. ಬಗ್ಗಿ, ಮೋಟಾರಿನ ಹಿಡಿತ ಬಿಡಿಸುವ ಸನ್ನೆಕೋಲನ್ನು ಮುಟ್ಟಿ ನೋಡಿದೆ, ಹಿಡಿತ ಬಿಗಿಯಾಗಿಯೇ ಇತ್ತು.

ಗೌಡರ ಹೆಂಡತಿ ನಿಂಗಮ್ಮ ಚಕ್ರದ ಗುರುತನ್ನು ಮೂಲೆಯಿಂದ ಬಾಗಿಲವರೆಗೂ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು:

"ಸರಿ ಮಾಡ್ಬುಟ್ಟಿದ್ರಾ ಮೇಷ್ಟ್ರೇ? ಎಡಕ್ಕೇ ತಿರುಗ್ಯದಲ್ಲ."

ಜೇಬಿನ ಮೇಲೆ ಕೈಯಿಟ್ಟುಕೊಂಡು "ಹೂಂ ಕಣಮ್ಮ" ಅಂದೆ. ಆಕೆ ಅಲ್ಲೇ ಕುಸಿದು ಕೂತು ಅತ್ತರು. ಗೌಡರು ಹೋದ ಮೇಲೆ ಅವರು ಅತ್ತಿದ್ದು ಅದೇ ಮೊದಲು ಅಂತ ಆಮೇಲೆ ಮನೆಯವರು ಹೇಳಿದರು.

ಆ ಚಿಪ್ಪು ಇವತ್ತಿಗೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಊರಿಗೆ ಹಿಂತಿರುಗಿದ ಮೇಲೆ ಲ್ಯಾಬಿನಲ್ಲಿ ಹಾಕಿ ನೋಡಿದೆ. ಎಡಕ್ಕೆ ಒತ್ತಿದರೆ ಬಲಕ್ಕೇ ಹೋಗುತ್ತದೆ.