ವಕೀಲರ ಕೋಟಿನ ಜೇಬಲ್ಲಿ ಸಿಕ್ಕ ಚಡ್ಡಿ

ಊಟ ಮಾಡ್ತಿದ್ರೆ ಮುಗಿಸಿ, ಕೈ ತೊಳ್ಕೊಂಡು ಆಮೇಲೆ ಕೇಳಿ. ಇದು ಗಲೀಜು ಕಥೆ, ಮೊದಲೇ ಹೇಳಿದೀನಿ.

ರಸ್ತೆ ತಿರುವಲ್ಲಿ ಲಾಂಡ್ರಿ ಇಟ್ಟಿರೋ ಮನುಷ್ಯನ್ನ ಎಲ್ಲರೂ ಲಾಂಡ್ರಿಯಣ್ಣ ಅಂತಾರೆ. ಕಂಡೋರ ಕೊಳೆ ತೊಳೆದೇ ಹೊಟ್ಟೆ ಹೊರೆಯೋನು. ಆದ್ರೆ ಅವನಷ್ಟು ಹೇಸೋ ಮನುಷ್ಯನ್ನ ನೀವು ನೋಡಿರಲ್ಲ. ಗಂಟು ಬಿಚ್ಚೋಕೆ ಮುಂಚೆ ಮೂಗಿಗೆ ಬಟ್ಟೆ ಕಟ್ತಾನೆ. ವಾಂತಿ ಆದದ್ದು, ಮಕ್ಕಳು ಹೊಲಸು ಮಾಡ್ಕೊಂಡದ್ದು ಏನೇ ಬಂದ್ರೂ ಉದ್ದನೆ ಇಕ್ಕಳದಲ್ಲಿ ತುದಿ ಹಿಡಿದು, ಮುಖ ಆ ಕಡೆ ತಿರುಗಿಸಿ, ಹಿತ್ತಲಿನ ನೀಲಿ ಟಬ್ಬಿಗೆ ಎಸೀತಾನೆ. ಹೆಂಡತಿ ಮುಂದೆ ಕೌಂಟರ್ ನೋಡ್ಕೊಳ್ತಾಳೆ. ಅಂಗಡಿ ಮೇಲೇ ಮನೆ. ಒಬ್ಬಳೇ ಮಗಳು, ಪುಟ್ಟಿ, ಏಳು ವರ್ಷ.

ಆ ಪುಟ್ಟಿ ಚಡ್ಡಿ ಕೆಡಿಸ್ಕೊಳ್ಳೋಕೆ ಶುರು ಮಾಡಿದ್ಲು. ದಿನಾ. ತೆಳ್ಳಗೆ, ಕಂದು ಬಣ್ಣ, ನಾತ ಅಂದ್ರೆ ಕೋಣೆಯೆಲ್ಲ ನಾತ. "ಇಷ್ಟು ದೊಡ್ಡವಳಾಗಿ ಗೊತ್ತಾಗಲ್ವೇನೇ?" ಅಂತ ಕೇಳಿದ್ರೆ "ಗೊತ್ತಾಗಲ್ಲ ಅಪ್ಪ" ಅಂತಾಳೆ. ಯಾರು ನಂಬ್ತಾರೆ? ಲಾಂಡ್ರಿಯಣ್ಣ ಅವಳ ಎದುರಿಗೇ ಅದನ್ನೂ ಇಕ್ಕಳದಲ್ಲಿ ಎತ್ತಿದ. ಆಮೇಲೆ ತನಗೆ ತೋಚಿದ ವೈದ್ಯ ಮಾಡಿದ.

"ಭೇದಿ ಇದು. ಮೆಷಿನ್ ಸೋರಿದ್ರೆ ಏನ್ಮಾಡ್ತೀವಿ? ಮೊದಲು ನೀರು ನಿಲ್ಲಿಸ್ತೀವಿ" ಅಂದ. ಔಷಧಿ ಅಂಗಡಿಯಿಂದ ಭೇದಿ ನಿಲ್ಲಿಸೋ ಮಾತ್ರೆ ತಂದ. ಹಣ್ಣು ಬಂದ್, ಸೊಪ್ಪು ಬಂದ್, ನೀರು ಗುಟುಕು ಗುಟುಕು. ಬರೀ ಬ್ರೆಡ್ಡು. ಸೋರೋದು ನಿಲ್ಲಲಿಲ್ಲ, ಹೊಟ್ಟೆ ಮಾತ್ರ ತಮಟೆ ಥರ ಬಿಗೀತು. ಮಗು ತಿನ್ನೋದನ್ನೇ ಬಿಟ್ಟುಬಿಡ್ತು. ಅಪ್ಪ ಕೋಣೆಗೆ ಬಂದ್ರೆ ಎದ್ದು ಹೋಗೋಳು.

ಆಮೇಲೆ ಬಂದ್ರು ನೋಡಿ ವಕೀಲರು. ಇಸ್ತ್ರಿಯಾಗಿ ನೇತಾಡ್ತಿದ್ದ ತಮ್ಮ ಕೋಟನ್ನ ಇಸ್ಕೊಂಡು, ಕೌಂಟರಲ್ಲೇ ಹಾಕ್ಕೊಂಡು, ಬೆವರು ಒರೆಸೋಕೆ ಜೇಬಿಗೆ ಕೈ ಹಾಕಿ, ಕರವಸ್ತ್ರ ಅಂತ ಎಳೆದ್ರು. ಪುಟ್ಟ ಚಡ್ಡಿ! ಒಣಗಿ ರಟ್ಟಾಗಿದೆ. ಅರ್ಧ ದಾರಿಯಲ್ಲಿ ಕೈ ನಿಂತಿದ್ದು ಅವರ ಪುಣ್ಯ.

"ಏನಯ್ಯಾ ಇದು?"

"ಸಾರ್... ಅದು... ಕೊಡಿ ಸಾರ್ ಇಲ್ಲಿ."

"ಕೊಡೋದಲ್ಲ, ಹೇಳು! ಇದನ್ನ ಮುಖಕ್ಕೆ ಒರೆಸ್ಕೋತಿದ್ದೆ ನಾನು!"

ಬೈದು, ಉಗಿದು, ಕೋಟು ಅಲ್ಲೇ ಬಿಸಾಕಿ ಹೋದ್ರು. ಹೆಂಡತಿ ಗಂಡನ ಕಡೆ ತಿರುಗಿದ್ಲು. "ಮಗು ಇದನ್ನ ಕೋಟಲ್ಲಿ ಯಾಕೆ ಬಚ್ಚಿಡ್ತು ಗೊತ್ತಾ? ನಿಮ್ಮ ಮುಖ ನೋಡೋಕಾಗದೆ. ಸಾಕು ನಿಮ್ಮ ಡಾಕ್ಟರಿಕೆ, ನಡೀರಿ."

ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, "ಇದು ಭೇದಿ ಅಲ್ಲ, ಮಲಬದ್ಧತೆ" ಅಂದ್ರು. ಲಾಂಡ್ರಿಯಣ್ಣ ಬಾಯಿ ಬಿಟ್ಟ. "ಒಳಗೆ ಗಟ್ಟಿಯಾಗಿ ಕೂತುಬಿಟ್ಟಿದೆ. ಅದರ ಪಕ್ಕದಿಂದ ನೀರಾಗಿರೋದು ಜಿನುಗ್ತಿದೆ. ಕರುಳು ಹಿಗ್ಗಿ ಹಿಗ್ಗಿ ಅವಳಿಗೆ ನಿಜವಾಗ್ಲೂ ಗೊತ್ತಾಗ್ತಿಲ್ಲ. ನಿಮ್ಮ ಮಾತ್ರೆ ಇನ್ನಷ್ಟು ಬಿಗಿ ಮಾಡಿದೆ."

"ಅಂದ್ರೆ... ಮೆಷಿನ್ ಪೈಪಲ್ಲಿ ಬಟ್ಟೆ ಜುಂಗು ಕಟ್ಕೊಂಡು ಪಕ್ಕದಿಂದ ಸೋರೋ ಥರ?"

"ಹೂಂ. ನೀವು ನಲ್ಲಿ ಬಂದ್ ಮಾಡಿದ್ರಿ."

ಕಕ್ಕಸಿಗೆ ಹೋಗದೆ ಯಾಕೆ ತಡ್ಕೋತೀಯ ಅಂತ ಡಾಕ್ಟರಮ್ಮ ಮೆಲ್ಲಗೆ ಕೇಳಿದಾಗ ಪುಟ್ಟಿ ಅಮ್ಮನ ಸೆರಗೊಳಗೆ ಮುಖ ಇಟ್ಟು, ಶಾಲೆ ಕಕ್ಕಸಿಗೆ ಚಿಲಕ ಇಲ್ಲ, ಒಳಗೆ ಹುಳ ಇದೆ ಅಂದ್ಲು. ತಡೆದೂ ತಡೆದೂ ಒಂದು ಸಲ ಗಟ್ಟಿಯಾಗಿ ಬಂದು ಹರಿದು ರಕ್ತ ಬಂದಿತ್ತಂತೆ. ಆವತ್ತಿಂದ ಹೆದರಿಕೆ. ಮಾರನೇ ದಿನ ಅಮ್ಮ ಶಾಲೆಗೆ ಹೋಗಿ ನೋಡಿದ್ಲು. ಥೂ! ಹಳದಿ ನೀರು ಹೊಸ್ತಿಲ ತನಕ ನಿಂತಿದೆ, ಗೋಡೆ ಮೇಲೆ ಬೆರಳು ಒರೆಸಿದ ಗುರುತು, ಅದರ ಮೇಲೆ ನೊಣ. ಅವಳು ಮಾಡಿದ ಗಲಾಟೆಗೆ ಪುಟ್ಟಿಗೆ ಟೀಚರುಗಳ ಕಕ್ಕಸು ಸಿಕ್ತು. ಉಳಿದ ಮಕ್ಕಳಿಗೆ ಅದೇ ನರಕ.

ಡಾಕ್ಟರಮ್ಮ ನೀರಲ್ಲಿ ಕಲಸೋ ಪುಡಿ ಕೊಟ್ಟಿದ್ರು, ಗಟ್ಟಿಯಾದದ್ದನ್ನ ಮೆತ್ತಗೆ ಮಾಡೋಕೆ. "ಮೊದಲು ಇನ್ನೂ ಜಾಸ್ತಿ ಸೋರುತ್ತೆ, ಹೆದರ್ಬೇಡಿ. ಊಟ ಆದ್ಮೇಲೆ ಕಮೋಡ್ ಮೇಲೆ ಕೂರಿಸಿ, ಪಾದದ ಕೆಳಗೆ ಮಣೆ ಇಡಿ. ಬೈಬೇಡಿ, ಮುಖ ಸಿಂಡರಿಸ್ಬೇಡಿ. ಹೀಗೂ ಬರದಿದ್ರೆ ಆಸ್ಪತ್ರೆಗೆ ಸೇರಿಸಿ ತೆಗೀಬೇಕಾಗುತ್ತೆ."

ಪುಡಿ ಕೆಲಸ ಶುರು ಮಾಡ್ತು. ಚಾಪೆ, ಹಾಸಿಗೆ, ಮೆಟ್ಟಿಲು, ಎಲ್ಲಾ ಕಡೆ ಅದೇ ಕೊಚ್ಚೆ. ಆದ್ರೆ ಒಳಗಿನ ಗಂಟು ಮಾತ್ರ ಅಲ್ಲಾಡಲಿಲ್ಲ. ಪುಟ್ಟಿ ಬಾಗಿಲ ಹಿಂದೆ ತುದಿಗಾಲಲ್ಲಿ ನಿಂತು, ಕಾಲಿಗೆ ಕಾಲು ಹೆಣೆದು, ಮುಖ ಕೆಂಪು ಮಾಡ್ಕೊಂಡು ತಡೀತಿದ್ಲು. ಲಾಂಡ್ರಿಯಣ್ಣ ಅವಳನ್ನ ಕೂರಿಸಿ, ಬಚ್ಚಲ ನೆಲದಲ್ಲಿ ತಾನೂ ಕೂತು, ಹಲ್ಲು ಕಿರಿದು ನಗೋನು.

"ಅಪ್ಪಾ, ಉಸಿರು ಬಿಗಿಹಿಡ್ಕೊಂಡಿದೀಯ."

"ಇಲ್ವಲ್ಲ."

"ಮುಖ ನೀಲಿ ಆಗ್ತಿದೆ. ನಂಗೆ ಬರಲ್ಲ, ಎದ್ದೇಳ್ತೀನಿ."

ನಾಳೆ ಆಸ್ಪತ್ರೆಗೆ ಅಂತ ಹೆಂಡತಿ ಚೀಲಕ್ಕೆ ಬಟ್ಟೆ ತುಂಬಿಟ್ಟಾಗಿತ್ತು. ಮಗು ಮತ್ತೆ ಕೂತಿತ್ತು. ಸುಮ್ಮನೆ ಒಂದು ಸದ್ದು ಬಂತು ಅಷ್ಟೇ, ಆಮೇಲೆ ವಾಸನೆ. ಲಾಂಡ್ರಿಯಣ್ಣನ ತಾಳ್ಮೆಯ ಕಟ್ಟೆ ಒಡೀತು.

"ಥೂ! ಅಯ್ಯಪ್ಪಾ! ಏನೇ ಇದು, ಒಳಗೆ ಇಲಿ ಸತ್ತಿದ್ಯಾ?"

ಪುಟ್ಟಿ ಬೆಚ್ಚಿಬಿದ್ಲು. ಕಣ್ಣು ತುಂಬಿ ಬಂತು.

"ಏ, ನಿನ್ನನ್ನಲ್ಲ ಪುಟ್ಟಿ, ಅದನ್ನ ಬೈದಿದ್ದು. ಹೇಸಿಗೆ ಅಂದ್ಮೇಲೆ ಹೇಸಿಗೇನೇ. ನಂದೇನು ಸೆಂಟು ಹೊಡ್ಕೊಂಡು ಬರುತ್ತಾ? ಅಮ್ಮನ್ನ ಕೇಳು, ನಾನು ಹೋಗಿ ಬಂದ್ರೆ ಅವಳು ಆ ಕಡೆ ತಲೇನೂ ಹಾಕಲ್ಲ."

"ಅಮ್ಮಂದು?"

"ಅಯ್ಯೋ, ಅದನ್ನ ಕೇಳ್ಬೇಡ. ನಂದೇ ವಾಸಿ."

"ರೀ!" ಅಂತ ಆಚೆಯಿಂದ ಕೂಗು.

ಪುಟ್ಟಿ ಕಿಸಕ್ಕಂದ್ಲು. ಆಮೇಲೆ ಹೊಟ್ಟೆ ಹಿಡ್ಕೊಂಡು ನಕ್ಕಳು. ನಗ್ತಾ ನಗ್ತಾ ನಿಂತೋಯ್ತು ನಗು, ಕಣ್ಣು ದೊಡ್ಡದಾಯ್ತು, ಅಪ್ಪನ ಭುಜ ಉಗುರು ನಾಟೋ ಹಾಗೆ ಹಿಡಿದ್ಲು.

"ನೋಯುತ್ತಾ?"

"ಸ್ವಲ್ಪ... ಬರ್ತಿದೆ."

ದೊಪ್ಪಂತ ಬಿತ್ತು. ಲಾಂಡ್ರಿಯಣ್ಣ ಬಗ್ಗಿ ನೋಡಿಬಿಟ್ಟ, ನೋಡಬಾರದಿತ್ತು. ಕಪ್ಪಗೆ, ಕಲ್ಲಿನ ಹಾಗೆ, ಅವಳ ಮುಷ್ಟಿಗಿಂತ ದಪ್ಪ. ವಾಕರಿಕೆ ಗಂಟಲಿಗೇ ಬಂತು. ಬಾಗಿಲ ಕಡೆ ಮುಖ ಮಾಡಿ ವ್ಯಾಕ್ ವ್ಯಾಕ್ ಅಂತಿದಾನೆ.

"ಅಪ್ಪಾ, ವಾಂತಿ ಮಾಡ್ಬೇಡ, ನಾನಿಲ್ಲಿ ಕೂತಿದೀನಿ!"

"ಆಯ್ತು ಆಯ್ತು. ಮುಗೀತಾ?"

"ಇಲ್ಲ, ಇನ್ನೂ ಇದೆ. ಎದ್ದು ಹೋಗ್ಬೇಡ."

ಅವನು ಅಂಗಿ ಎಳೆದು ಮೂಗು ಮುಚ್ಕೊಂಡ, "ಥೂ, ಥೂ" ಅಂತಾನೇ ಅವಳ ಪಕ್ಕ ಕೂತ.