ಸೀಟಿನ ಕೆಳಗಿನ ಹೊಗೆ

ಅಕ್ಕಲಕೋಟದ ಯಾತ್ರಿನಿವಾಸದ ನೀರಿನ ಟಾಕಿಗೆ ಹಾಕಲು ಬ್ಲೀಚಿಂಗ್ ಪೌಡರ್ ಚೀಲ ಹಿಡಿದು ಸೊಲ್ಲಾಪುರದಲ್ಲಿ ಬಸ್ ಹತ್ತಿದ್ದೆ. ಪಕ್ಕದ ಹೆಣ್ಣುಮಗಳು ಸಂಡಾಸ ತೊಳೆಯುವ ಆ್ಯಸಿಡ್ ಕ್ಯಾನನ್ನು ಸೀಟಿನ ಕೆಳಗೆ ನನ್ನ ಚೀಲದ ಪಕ್ಕದಲ್ಲೇ ಇಟ್ಟಿದ್ದಳು. ವಳಸಂಗದ ಹತ್ತಿರ ಬಸ್ ಎಗರಿದಾಗ ಕ್ಯಾನ್ ಉರುಳಿ ಮುಚ್ಚಳ ಕಳಚಿ, ಆ್ಯಸಿಡ್ ನನ್ನ ಚೀಲಕ್ಕೆ ಇಳಿಯಿತು. ಬುಸ್ಸೆಂದು ಹಳದಿ ಹೊಗೆ ಎದ್ದಿತು. ಬಸ್ ನಿಂತಿತು, ಜನ ಬಾಗಿಲಿಗೆ ನುಗ್ಗಿದರು. ಕಿಟಕಿ ಪಕ್ಕ ಕೂತಿದ್ದ ಅವಳ ಅತ್ತೆ ಏಳಲಾರದೆ ನನ್ನ ಅಂಗಿ ಹಿಡಿದುಕೊಂಡರು. ಸತ್ತೆವೆಂದೇ ತಿಳಿದೆ. ಉಸಿರು ಬಿಗಿಹಿಡಿದು ಮುದುಕಿಯನ್ನು ಎಳೆದುಕೊಂಡು ಇಳಿದೆ.

ರಸ್ತೆ ಬದಿ ಸೊಸೆ ಕೆಮ್ಮುತ್ತ ಕೇಳಿದಳು, "ಅಣ್ಣಾ, ಚೀಲದಾಗ ಏನಿತ್ತರಿ?"

"ನೀರು ಶುದ್ಧ ಮಾಡೋ ಪೌಡರ್ ಅಕ್ಕಾ. ಆ್ಯಸಿಡ್ ಬಿದ್ದರ ಕ್ಲೋರಿನ್ ವಿಷಗ್ಯಾಸ್ ಏಳ್ತೈತಿ."

ಮುಂದಿನ ಬಸ್ಸಿನಲ್ಲಿ ನನ್ನ ಕೈ ಖಾಲಿಯಿತ್ತು. ಆದರೂ ಅವಳು, "ನೀವು ಹಿಂದ ಹೋಗಿ ಕುಂಡ್ರರಿ" ಎಂದಳು. ಆ್ಯಸಿಡ್ ನಿಮ್ಮದಲ್ಲವೇ ಎಂದು ವಾದಿಸುವಷ್ಟು ಉಸಿರು ನನಗಿನ್ನೂ ಬಂದಿರಲಿಲ್ಲ; ಹಿಂದೆ ಹೋಗಿ ಕೂತೆ.