ಚಪ್ಪಲಿ ಬಿಟ್ಟು ಕಲಿತ ಇಂಗ್ಲಿಷ್

ನಾಲ್ಕು ವರ್ಷಗಳ ಹಿಂದೆ ಧಾರವಾಡದ ಒಂದು ಹೈಸ್ಕೂಲಿನಲ್ಲಿ ನಾನು ಹಂಗಾಮಿ ಇಂಗ್ಲಿಷ್ ಮಾಸ್ತರನಾಗಿದ್ದೆ. ಬಿ.ಎ. ಪದವಿ, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಮೂರು ಢಾಲು, ಇಷ್ಟೇ ನನ್ನ ಬಂಡವಾಳ. ಆ ವರ್ಷವೇ ಶಾಲೆಗೆ ಟೇಪ್ ರೆಕಾರ್ಡರ್ ಬಂತು. ಅದನ್ನು ಹೊಗಳಿ ಈಗ ಊರೆಲ್ಲ ಭಾಷಣ ನಡೆದಿದೆ. ಯಂತ್ರವೊಂದಿದ್ದರೆ ಹಳ್ಳಿಯ ಮಕ್ಕಳೂ ಲಂಡನ್ನಿನವರಂತೆ ಮಾತಾಡುತ್ತಾರಂತೆ. ಯಾರ ಜೊತೆ, ಯಾವ ವಿಷಯ ಮಾತಾಡುತ್ತಾರೆ ಎಂದು ಕೇಳಿ ನೋಡಿ, ಭಾಷಣಕಾರರು ನೀರು ಕುಡಿಯುತ್ತಾರೆ.

ಯಂತ್ರಕ್ಕಾಗಿ ಒಂದು ಕೋಣೆ ಖಾಲಿ ಮಾಡಿಸಿದರು. ಕಿಟಕಿಗಳಿಗೆ ಕರಿ ಪರದೆ, ದನಿ ಮಾರ್ದನಿಯಾಗದಿರಲೆಂದು ಗೋಡೆಗಳಿಗೆ ಗೋಣಿತಟ್ಟು. ಧೂಳು ಹೋಗಬಾರದೆಂದು ಎಲ್ಲರೂ ಹೊರಗೇ ಚಪ್ಪಲಿ ಬಿಡಬೇಕು. ದಸರೆಯ ಆಯುಧಪೂಜೆಗೆ ಹೆಡ್‌ಮಾಸ್ತರರು ಅದಕ್ಕೆ ಕುಂಕುಮ ಹಚ್ಚಿ ಚೆಂಡುಹೂವು ಏರಿಸಿದರು. ಆಮೇಲೆ ಮಕ್ಕಳು ಒಳಗೆ ಬರುವಾಗ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳತೊಡಗಿದರು. ನಾನು ಬೈದೆ. ಮರುದಿನದಿಂದ ನನ್ನ ಕಣ್ಣು ತಪ್ಪಿಸಿ ಒತ್ತಿಕೊಂಡರು.

ಪಾಠದ ಪದ್ಧತಿ ಇಷ್ಟೇ: ಯಂತ್ರದೊಳಗಿನ ಪರದೇಶಿ ಒಂದು ವಾಕ್ಯ ಹೇಳುತ್ತಾನೆ, ಸುಮ್ಮನಾಗುತ್ತಾನೆ. ತರಗತಿ ಒಕ್ಕೊರಲಿನಿಂದ ಅದನ್ನೇ, ಅದೇ ರಾಗದಲ್ಲಿ ತಿರುಗಿ ಹೇಳಬೇಕು. ಸ್ವಂತದ್ದೊಂದು ಅಕ್ಷರ ಸೇರಿಸಕೂಡದು. ನನಗೆ ಮೈ ಉರಿಯುತ್ತಿತ್ತು. ಆದರೂ ಚೆನ್ನಾಗಿಯೇ ಕಲಿಸಿದೆ. ಹಂಗಾಮಿ ಮಾಸ್ತರನ ಸಿಟ್ಟಿಗೆ ಅಷ್ಟೇ ಧೈರ್ಯ.

ನನ್ನದು ಅಂತ ಉಳಿದದ್ದು ಶನಿವಾರದ ಕೊನೆಯ ತಾಸು. ಹತ್ತನೆಯ ತರಗತಿಯವರನ್ನು ಬೇವಿನಗಿಡದ ಕೆಳಗೆ ಕೂಡ್ರಿಸಿ ಇಂಗ್ಲಿಷಿನಲ್ಲಿ ವಾದಕ್ಕೆ ಬಿಡುತ್ತಿದ್ದೆ. ಕೆಲಗೇರಿ ಕೆರೆಯಲ್ಲಿ ಎಮ್ಮೆ ಮೈ ತೊಳೆಯುವುದನ್ನು ನಿಲ್ಲಿಸಬೇಕೇ, ಬೇಡವೇ? ಅಮ್ಮಿನಬಾವಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹುಡುಗಿ ಹಾಜರಿ ಕೂಗಿದರೂ ಬಾಯಿ ತೆರೆಯದೆ ಕೈ ಎತ್ತುವವಳು. ಅವತ್ತು ಎದ್ದು ಎಮ್ಮೆಯ ಪರವಾಗಿ ಐದು ನಿಮಿಷ ಜಗಳಾಡಿದಳು. ಐದು ನಿಮಿಷದಲ್ಲಿ ಹದಿನೈದು ತಪ್ಪು. ಆದರೆ ಅದು ಅವಳದೇ ಮಾತು, ಆ ದಿನ ಗೆದ್ದದ್ದು ಎಮ್ಮೆ. ಅಂದಿನಿಂದ ಪ್ರತಿ ಶನಿವಾರ ಆಕೆ ಮುಂದಿನ ಸಾಲಿನಲ್ಲಿ ಕೂಡುತ್ತಿದ್ದಳು.

ಹೆಡ್‌ಮಾಸ್ತರರಿಗೆ ಆ ತಾಸು ಕಣ್ಣುಕಿಸುರು. ಶಾಲೆಯ ತಪಾಸಣೆಗೆ ಇನ್‌ಸ್ಪೆಕ್ಟರ್ ಸಾಹೇಬರು ಬರುವ ವಾರ ನನ್ನನ್ನು ಕರೆಸಿದರು.

“ಶನಿವಾರ ಹುಡುಗ್ರು ಬಾಯಿಗೆ ಬಂದಂಗ ಇಂಗ್ಲಿಷ್ ಆಡ್ತಾವ್ರಿ. ಸಾಹೇಬ್ರು ಯಂತ್ರ ಮೆಚ್ಚಿದ್ರ ಆ ತಾಸೂ ಯಂತ್ರಕ್ಕ ಕೊಟ್ಟಬಿಡೂಣು.”

ನಾನು ಒಂದು ಹೂಟ ಹೂಡಿದೆ. ಎದುರಾಳಿಯ ಕೈಯಿಂದಲೇ ನಮ್ಮ ವಾದ ಗೆಲ್ಲಿಸಿಕೊಳ್ಳುವುದು ಚರ್ಚಾಸ್ಪರ್ಧೆಯ ಹಳೆಯ ಉಪಾಯ. ಟೇಪಿನ ಪಾಠ ಮುಗಿದ ಮೇಲೆ, ತಾವೇ ಮಕ್ಕಳಿಗೆ ಏನಾದರೂ ಕೇಳಿರಿ ಎಂದು ಸಾಹೇಬರನ್ನು ಕೋರುವುದು. ಮಕ್ಕಳು ಉತ್ತರ ಕೊಡುತ್ತಾರೆ. ಉತ್ತರ ಕೊಡಲು ಎಲ್ಲಿ ಕಲಿತರು ಎಂದು ಸಾಹೇಬರು ಕೇಳುತ್ತಾರೆ. ಆಗ ನಾನು ಕಿಟಕಿಯ ಪರದೆ ಸರಿಸಿ ಬೇವಿನಗಿಡ ತೋರಿಸುತ್ತೇನೆ.

ಸಾಹೇಬರು ಬಂದರು. ಬೂಟು ಬಿಚ್ಚಿ ಹತ್ತನೆಯ ತರಗತಿಯ ಪಾಠಕ್ಕೆ ಒಳಗೆ ಕೂತರು. ಪಾಠ ಮುಗಿಯಿತು. ನಾನು ಕೋರಿದೆ. ಅವರು ಗಂಟಲು ಸರಿಮಾಡಿಕೊಂಡು, ಯಂತ್ರದ ಪಕ್ಕದಲ್ಲೇ ನಿಂತು, ಇವತ್ತು ಶಾಲೆಗೆ ಹೇಗೆ ಬಂದಿರಿ ಎಂದು ಕೇಳಿದರು. “ಹೌ ಡಿಡ್ ಯು ಕಮ್ ಟು ಸ್ಕೂಲ್ ಟುಡೇ?”

ನಲವತ್ತು ಕೊರಳು ಒಟ್ಟಿಗೆ ಎದ್ದವು. “ಹೌ ಡಿಡ್ ಯು ಕಮ್ ಟು ಸ್ಕೂಲ್ ಟುಡೇ?”

ಮಕ್ಕಳ ತಪ್ಪೇನಿಲ್ಲ. ಬರಿಗಾಲಲ್ಲಿ ಆ ಕೋಣೆಯೊಳಗೆ ಕೂತಾಗ ಕಿವಿಗೆ ಬಿದ್ದದ್ದನ್ನು ತಿರುಗಿ ಹೇಳಬೇಕೆಂದು ಆರು ತಿಂಗಳು ತಿದ್ದಿದವನು ನಾನೇ. ಸಾಹೇಬರು ಮತ್ತೊಮ್ಮೆ ಕೇಳಿದರು, ತರಗತಿ ಮತ್ತೊಮ್ಮೆ ಕೇಳಿತು. ಈಗ ನಗುತ್ತಾರೆ, ಇಲ್ಲವೇ ಸಿಟ್ಟಾಗುತ್ತಾರೆ ಅಂದುಕೊಂಡೆ. ಅವರು ಕಣ್ಣು ಮುಚ್ಚಿ, ಸಂಗೀತ ಕೇಳುವವರಂತೆ ತಲೆದೂಗಿದರು.

ಆಗ ಅಮ್ಮಿನಬಾವಿಯ ಹುಡುಗಿ ಎದ್ದು ನಿಂತಳು. ಜಡೆಗೆ ಹತ್ತಿಯ ಎಳೆ ಅಂಟಿತ್ತು.

“ಸರ್, ಬಸ್ ನಾಟ್ ಕಮ್. ಐ ಕಮ್ ಇನ್ ಕಾಟನ್ ಕಾರ್ಟ್. ಕಾರ್ಟ್‌ಮ್ಯಾನ್ ಈಸ್ ಸ್ಲೀಪಿಂಗ್. ಬುಲಕ್ಸ್ ನೋ ದ ರೋಡ್.”

ಬಸ್ಸು ಬರಲಿಲ್ಲ, ಹತ್ತಿಯ ಗಾಡಿ ಏರಿದೆ, ಗಾಡಿಯವ ಮಲಗಿದ್ದ, ಎತ್ತುಗಳಿಗೆ ದಾರಿ ಗೊತ್ತಿತ್ತು. ಆ ಕೋಣೆ ಕೇಳಿದ ಮೊದಲ ಇಂಗ್ಲಿಷ್ ಮಾತು ಅದು. ಸಾಹೇಬರು ಕಣ್ಣು ತೆರೆದು, ಕೂಡು ಎಂದು ಅಂಗೈಯಿಂದ ಸನ್ನೆ ಮಾಡಿದರು.

ಭೇಟಿ ಪುಸ್ತಕದಲ್ಲಿ ಅವರು ಬರೆದದ್ದನ್ನು ಹೆಡ್‌ಮಾಸ್ತರರು ನನಗೆ ಓದಿ ಹೇಳಿದರು. ಉಚ್ಚಾರ ಉತ್ತಮ. ಒಬ್ಬ ವಿದ್ಯಾರ್ಥಿನಿ ಮಾತ್ರ ಸಾಮೂಹಿಕ ಅಭ್ಯಾಸದಲ್ಲಿ ಹಿಂದೆ. ಯಂತ್ರಕ್ಕೆ ಹೆಚ್ಚಿನ ವೇಳೆ ಕೊಡತಕ್ಕದ್ದು.

“ಸರ, ಕೇಳಿದ್ದಕ್ಕ ಉತ್ತರ ಕೊಟ್ಟಾಕಿ ಆಕಿ ಒಬ್ಬಾಕೀನ ಅಲ್ಲೇನ್ರಿ?” ಎಂದೆ.

“ಸಾಹೇಬ್ರು ಉತ್ತರ ಎಲ್ಲಿ ಕೇಳಿದ್ರು ಮಾಸ್ತರ? ಅವ್ರು ಉಚ್ಚಾರ ಕೇಳಿದ್ರು.”

ಶನಿವಾರದ ಕೊನೆಯ ತಾಸು ಯಂತ್ರಕ್ಕೆ ಹೋಯಿತು. ಹೊಸ ವೇಳಾಪತ್ರಿಕೆಯನ್ನು ಬರೆದದ್ದೂ ಮೂರು ಢಾಲು ಗೆದ್ದ ನಾನೇ, ದುಂಡಗಿನ ಅಕ್ಷರದಲ್ಲಿ.

ಶನಿವಾರ ಕೊನೆಯ ತಾಸಿಗೆ ಹುಡುಗಿ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ನಿಂತಳು. “ಗಾಡಿ ಸುದ್ದಿ ಹೇಳಬಾರದಿತ್ತೇನ್ರಿ ಸರ?”

“ಛಲೋ ಹೇಳಿದಿ,” ಎಂದೆ.

“ಮತ್ತ ಹಿಂದ ಅದೇನಿ ಅಂತ ಬರದಾರಂತಲ್ರಿ?”

ನಾನು ಒಳಗೆ ಹೋಗಿ ಯಂತ್ರದ ಗುಂಡಿ ಒತ್ತಿದೆ. ಪರದೇಶಿ ಮಾತಾಡಿದ, ತರಗತಿ ತಿರುಗಿ ಹೇಳಿತು. ಮೊದಲ ವಾರ ಆಕೆಯ ದನಿ ಅರೆಗಳಿಗೆ ಹಿಂದೆ ಬೀಳುತ್ತಿತ್ತು, ಕಿವಿಗೆ ತಿಳಿಯುತ್ತಿತ್ತು. ನಾಲ್ಕನೆಯ ಶನಿವಾರ ಎಷ್ಟು ಕಿವಿಗೊಟ್ಟರೂ ನಲವತ್ತು ದನಿಗಳಲ್ಲಿ ಆಕೆಯದು ಯಾವುದೆಂದು ನನಗೆ ಗೊತ್ತಾಗಲಿಲ್ಲ.